ಬೆನ್ನ ಹಿಂದಿನ ತಂಬೂರಿ

ಅನುಮಾನ ಶುರುವಾಗಿದ್ದು ಮುಚ್ಚಿದ ಒಂದು ಬಾಗಿಲಿನಿಂದ...

ಧಾರವಾಡದ ಹಿರಿಯ ಗಾಯಕ ಪಂಡಿತ ಶಂಭುಲಿಂಗಯ್ಯನವರಿಗೆ ಎಪ್ಪತ್ತೊಂದು ವರ್ಷ. ಹದಿನೆಂಟು ವರ್ಷದಿಂದ ಕಛೇರಿಯಲ್ಲಿ ಅವರ ಬೆನ್ನ ಹಿಂದೆ ಕೂತು ತಂಬೂರಿ ಮೀಟುವವಳು ಶಿಷ್ಯೆ ಸುವರ್ಣಾ.

ಮೊದಲೆಲ್ಲ ಗುರುಗಳ ಎದುರಿಗೇ ತಂಬೂರಿ ಶ್ರುತಿ ಮಾಡುತ್ತಿದ್ದವಳು, ಈಗೀಗ ಗ್ರೀನ್ ರೂಮಿನ ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು.

ಯಾಕೆ..?

ಪಂಡಿತರ ಹಟ ಊರಿಗೆಲ್ಲ ಗೊತ್ತು. ಹಾರ್ಮೋನಿಯಂನ ಮೊದಲ ಕರಿ ಮನೆಯೇ, ಅಂದರೆ ಮೊದಲ ಕಪ್ಪು ಕೀಲಿಯೇ, ಅವರ ಶ್ರುತಿ... "ಕರಿ ಒಂದು". ಐವತ್ತು ವರ್ಷ ಅದರಿಂದ ಕೆಳಗೆ ಇಳಿದವರಲ್ಲ.

"ಕರಿ ಒಂದರಿಂದ ಇಳದ ದಿನ ನಾ ಹಾಡೂದ ಬಿಡ್ತೀನಿ!" ಅಂತ ತುಂಬಿದ ಸಭೆಯಲ್ಲೇ ಘೋಷಿಸಿದ್ದರು. ಹಾಗೆ ಹೇಳುವಾಗ ಎಲ್ಲರಿಗೂ ಗಂಟಲು ಚೆನ್ನಾಗಿಯೇ ಇರುತ್ತದೆ, ಬಿಡಿ.

ಎರಡು ವರ್ಷದ ಹಿಂದೆ ಅವರಿಗೆ ನ್ಯುಮೋನಿಯಾ ಆಯಿತು. ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಕಛೇರಿಯಲ್ಲಿ ಮೇಲಿನ ಷಡ್ಜ ಮುಟ್ಟುವಾಗ ದನಿ ಒಡೆಯಿತು.

"ಮೈಕ್ ಸರಿ ಇರಲಿಲ್ಲ" ಅಂದರು ಪಂಡಿತರು. ಎಲ್ಲರೂ ಹೌದೆಂದು ತಲೆಯಾಡಿಸಿದರು.

ಮುಂದಿನ ಕಛೇರಿಯಿಂದ ದನಿ ಮೊದಲಿನ ಹಾಗೆಯೇ ಹತ್ತಿತು. ಪಂಡಿತರಿಗೆ ಎಲ್ಲಿಲ್ಲದ ಹುರುಪು ಬಂತು.

ಆದರೆ ಸುತ್ತಲಿನವರ ನಡೆ ಮಾತ್ರ ಸರಿ ಕಾಣಲಿಲ್ಲ...

ಹಾರ್ಮೋನಿಯಂ ನುಡಿಸುವ ಗುಂಡೋಪಂತ ಮಾಸ್ತರರು ತಮ್ಮ ತಂದೆಯ ಕಾಲದ ಪೇಟಿ ಬಿಟ್ಟು ದಿಢೀರನೆ ಹೊಸದೊಂದು ಪೇಟಿ ತಂದಿದ್ದರು. ಅವರೂ ಸುವರ್ಣಾಳೂ ಮೂಲೆಯಲ್ಲಿ ನಿಂತು ಪಿಸುಗುಡುತ್ತಿದ್ದರು. ಪಂಡಿತರು ಹತ್ತಿರ ಬಂದರೆ ಇಬ್ಬರೂ ಗಪ್‌ಚಿಪ್!

ಒಂದು ದಿನ ಸಂಘಟಕರೊಬ್ಬರು ಸುವರ್ಣಾಳಿಗೆ ಹೇಳಿದ ಮಾತು ಅವರ ಕಿವಿಗೆ ಬಿತ್ತು... "ಮುಂದಿನ ವರ್ಷ ಗುರುಗಳ ಬದ್ಲಿ ನೀವ ಹಾಡ್ರಲ್ಲಾ..."

ಅವಳ ಉತ್ತರ ಕೇಳಲು ಪಂಡಿತರು ನಿಲ್ಲಲಿಲ್ಲ. ಮೈ ಉರಿದುಹೋಗಿತ್ತು.

'ನನ್ನ ಜಾಗದ ಮೇಲೆ ಕಣ್ಣು ಹಾಕಿದ್ದಾಳೆ. ಅದಕ್ಕೇ ತಂಬೂರಿಗೆ ಏನೋ ಮಾಡುತ್ತಿದ್ದಾಳೆ. ನಾನು ಸಭೆಯಲ್ಲಿ ಶ್ರುತಿ ತಪ್ಪಬೇಕು, ಇವಳು ಮುಂದೆ ಬಂದು ಕೂರಬೇಕು!'

ಯಾರಿಗೂ ಹೇಳದೆ ಒಂದು ಎಲೆಕ್ಟ್ರಾನಿಕ್ ತಂಬೂರಿ ಕೊಂಡು ತಂದರು. ಅಂಗೈಯಗಲದ ಡಬ್ಬಿ... ಅದಕ್ಕೆ ಯಾರ ಹಂಗೂ ಇಲ್ಲ, ಸುಳ್ಳೂ ಗೊತ್ತಿಲ್ಲ.

ಅವರ ಗುರುಗಳ ಪುಣ್ಯತಿಥಿಯ ಬೆಳಗಿನ ಕಛೇರಿ. ಹೊರಗೆ ಸಭೆ ತುಂಬಿತ್ತು. ಪಂಡಿತರು ಗ್ರೀನ್ ರೂಮಿನ ಬಾಗಿಲು ತಳ್ಳಿ ಒಳಗೆ ಬಂದವರೇ ಡಬ್ಬಿಯನ್ನು ಕರಿ ಒಂದಕ್ಕೆ ಇಟ್ಟು ಶುರು ಮಾಡಿದರು.

"ಈಗ ನಿನ್ನ ತಂಬೂರಿ ಮೀಟು."

ಸುವರ್ಣಾ ಮೀಟಿದಳು. ಎರಡೂ ದನಿ ಕೂಡಲಿಲ್ಲ... ತಂಬೂರಿ ಕೆಳಗಿತ್ತು!

"ಸಿಕ್ಕಿಬಿದ್ದಿ! ಮುಂದಿನ ವರ್ಷ ನನ್ನ ಬದ್ಲಿ ನೀ ಹಾಡಾಕಿ, ಹೌದಲ್ಲ? ಹದಿನೆಂಟು ವರ್ಷ ವಿದ್ಯೆ ಕೊಟ್ಟಿದ್ದಕ್ಕ ಇದಾ ಗುರುದಕ್ಷಿಣೆ? ಏರಸು ಶ್ರುತಿ!"

"ಬ್ಯಾಡ್ರೀ ಗುರೂಜಿ... ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದಿನ ಬ್ಯಾಡ್ರೀ..."

ಪಂಡಿತರು ತಂಬೂರಿ ಕಸಿದುಕೊಂಡು ತಾವೇ ಬಿರಡೆ ತಿರುವಿದರು. ತಂತಿ ಡಬ್ಬಿಯ ಶ್ರುತಿಗೆ ಬಂತು. ಕಣ್ಣು ಮುಚ್ಚಿ ಷಡ್ಜ ಹಚ್ಚಿದರು... ಪಂಚಮಕ್ಕೆ ಹೋದರು... ಮೇಲಿನ ಷಡ್ಜಕ್ಕೆ ಕೈ ಎತ್ತಿದರು.

ದನಿ ಒಡೆಯಿತು.

ಮತ್ತೊಮ್ಮೆ ಪ್ರಯತ್ನಿಸಿದರು. ಬರೀ ಕೆಮ್ಮು ಬಂತು.

ಇಲ್ಲಿ ಮೈಕ್ ಇರಲಿಲ್ಲ...

ಮೂಲೆಯಲ್ಲಿ ಪೇಟಿ ಇಟ್ಟುಕೊಂಡು ಕೂತಿದ್ದ ಗುಂಡೋಪಂತ ಮಾಸ್ತರರೇ ಕೊನೆಗೆ ಬಾಯಿ ಬಿಟ್ಟರು.

"ಬುವಾ, ಎರಡು ವರ್ಷದಿಂದ ನೀವು ಹಾಡಿದ್ದು ಬಿಳಿ ಒಂದರಾಗ. ನಿಮ್ಮ ದನಿ ಒಡದ ಆ ಕಛೇರಿ ಆದ ಮರುದಿನ ಈ ಹುಡುಗಿ ನಮ್ಮ ಮನಿಗೆ ಬಂದು ಕುಂತು ಅತ್ತಳು. 'ಇಳಸೋಣ ಅಂದ್ರ ಗುರೂಜಿ ಹಾಡೂದ ಬಿಡ್ತಾರ. ಹಾಡು ಬಿಟ್ರ ಅವರು ಉಳಿಯಾಂಗಿಲ್ಲ' ಅಂದಳು. ಅದಕ್ಕ ನಾ ಈ ಮನಿ ಸರಿಸೋ ಪೇಟಿ ತಂದೆ. ನಿಮ್ಮ ಕಣ್ಣಿಗೆ ಬೆರಳು ಕರಿ ಒಂದರ ಮ್ಯಾಲೇ ಇರತಿತ್ತು. ಸ್ವರ ಮಾತ್ರ ಒಂದು ಮನಿ ಕೆಳಗ ಬರತಿತ್ತು. ತಬಲಾದವನಿಗೂ ಹೇಳಿ ಇಳಿಸಿದ್ವಿ."

ಹೌದು... ತಂಬೂರಿ, ಪೇಟಿ, ತಬಲಾ ಮೂರೂ ಒಟ್ಟಿಗೆ ಇಳಿದಿದ್ದರಿಂದ ಪಂಡಿತರ ಕಿವಿಗೆ ಗೊತ್ತಾಗಿರಲಿಲ್ಲ.

"ಮತ್ತ ಮುಂದಿನ ವರ್ಷ ಹಾಡು ಅಂದವರಿಗೆ ಇಕಿ ಏನಂದ್ಲು, ಅದನ್ನೂ ಕೇಳ್ರಿ, ನಾ ಅಲ್ಲೇ ಇದ್ದೆ. 'ಗುರೂಜಿ ಹಾಡೂ ತನಕ ನನ್ನ ಜಾಗ ಅವರ ಹಿಂದ' ಅಂದ್ಲು."

ಪಂಡಿತರಿಗೆ ತಲೆಯೆತ್ತಲು ಆಗಲಿಲ್ಲ. ಹದಿನೆಂಟು ವರ್ಷ ಬೆನ್ನ ಹಿಂದೆ ಕೂತವಳ ಮುಖವನ್ನು ತಾವು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ ಅನ್ನಿಸಿತು.

ಅಷ್ಟರಲ್ಲಿ ವೇದಿಕೆಯಿಂದ ಕರೆ ಬಂತು.

ಡಬ್ಬಿಯನ್ನು ಅಲ್ಲೇ ಬಿಟ್ಟು, ಪಂಡಿತರು ತಾವೇ ತಂಬೂರಿ ಹೊತ್ತು ನಡೆದರು. ವೇದಿಕೆಯ ಮೇಲೆ ಕೂತು ಸಭೆಗೆ ಕೈಮುಗಿದರು.

"ಕರಿ ಒಂದರಿಂದ ಇಳದ ದಿನ ಹಾಡು ಬಿಡ್ತೀನಿ ಅಂದಿದ್ದೆ. ಇಳದು ಎರಡು ವರ್ಷ ಆಗೇದ... ನನಗ ಇವತ್ತು ಗೊತ್ತಾತು. ಸೊಕ್ಕಿನ ಮಾತು ಹಿಂದ ತಗೋತೀನಿ. ಹಾಡು ಬಿಡೂದಿಲ್ಲ."

ಆಮೇಲೆ ಹಿಂದೆ ತಿರುಗಿ ತಂಬೂರಿಯನ್ನು ಸುವರ್ಣಾಳ ಕೈಗಿಟ್ಟರು.

"ಬಾ ಮಗಳ, ನನ್ನ ಬಾಜೂಕ ಕೂಡು. ಬಾಗಿಲಾ ಹಾಕ್ಕೊಂಡು ಎಷ್ಟಕ್ಕ ಇಡತಿದ್ದಿ, ಇವತ್ತು ಎಲ್ಲಾರ ಎದುರಿಗೆ ಅಷ್ಟಕ್ಕ ಇಡು. ನಾ ಕಾಯ್ತೀನಿ."

ಅವಳು ಅಳುತ್ತಲೇ ಬಿರಡೆ ಇಳಿಸಿದಳು. ಇಡೀ ಸಭೆ ಕಾಯಿತು. ಗುರುಗಳು ಮತ್ತೆ ಕೈಮುಗಿದರು, ಶ್ರುತಿ ಸೇರುವ ತನಕ ಆ ಕೈ ಇಳಿಸಲಿಲ್ಲ.

ನಮ್ಮ ಬೆನ್ನ ಹಿಂದೆ ನಡೆಯುವುದೆಲ್ಲ ನಮ್ಮ ವಿರುದ್ಧವೇ ನಡೆಯುವುದಿಲ್ಲ.

ನಿಮಗೆ ಗೊತ್ತಾಗದ ಹಾಗೆ ನಿಮ್ಮ ಮರ್ಯಾದೆ ಕಾಯುತ್ತಿರುವವರು ಯಾರು..? ನೀವು ಇವತ್ತು ಅನುಮಾನಿಸಿದ್ದು ಅವರನ್ನೇ ಅಲ್ಲ ತಾನೇ..?