ಎಂಜಿನ್ ಕೆಮ್ಮಿತು

"ಎಂಜಿನ್ ಕೆಮ್ಮಿತು ಮಾವ. ಅದಕ್ಕೇ ಅರ್ಧ ದಾರೀಲಿ ಇಳಿಸಿಬಿಟ್ಟೆ," ಎಂದು ಅಳಿಯ ಫೋನಿನಲ್ಲಿ ಹೇಳಿದ. ಎಂಜಿನ್ ಪಾಪ, ಕೆಮ್ಮಿರಲೂ ಇಲ್ಲ, ಸೀನಿರಲೂ ಇಲ್ಲ. ಎದುರಿಗೆ ಕರಿಮೋಡ ಗೋಡೆಯಂತೆ ನಿಂತದ್ದನ್ನು ಕಂಡು ಇವನ ಕೈಕಾಲು ತಣ್ಣಗಾಗಿತ್ತು, ಅಷ್ಟೆ. ಕೆಳಗೆ ಒಂದು ಸಣ್ಣ ರನ್‌ವೇ ಕಂಡಿತು, ಇಳಿದುಬಿಟ್ಟ. ಹೆದರಿ ಇಳಿಯುವುದು ತಪ್ಪಲ್ಲ, ಬುದ್ಧಿ ಇರುವವರು ಮಾಡುವುದೇ ಅದು. ಆದರೆ ಫೋನ್ ಎತ್ತಿದ ಕೂಡಲೇ ಮಾವ, "ಉಳಿದ ಐದು ವಿಮಾನಾನೂ ಬಂದ್ವು. ಹೆಡ್‌ಮೇಡಂ ಕೂಡ ಬಂದು ಟೀ ಕುಡೀತಿದಾರೆ. ನೀವೆಲ್ಲಿದೀರಿ?" ಎಂದಿದ್ದರು. ಎಪ್ಪತ್ತೆರಡು ವರ್ಷದ ನಿವೃತ್ತ ಹೆಡ್‌ಮೇಡಂ ತಾವೇ ವಿಮಾನ ಹಾರಿಸಿಕೊಂಡು ಅದೇ ಮೋಡ ದಾಟಿ ಬಂದು ಟೀ ಕುಡಿಯುತ್ತಿರುವಾಗ, ನಲವತ್ತರ ಗಂಡಸು 'ನನಗೆ ಹೆದರಿಕೆಯಾಯಿತು' ಎಂದು ಯಾವ ಬಾಯಲ್ಲಿ ಹೇಳಬೇಕು?

ಅವತ್ತು ಫ್ಲೈಯಿಂಗ್ ಕ್ಲಬ್ಬಿಗೆ ಐವತ್ತು ವರ್ಷ. ಅದರ ನೆನಪಿಗೆ ಹಳೆಯ ಪುಟ್ಟ ವಿಮಾನಗಳೆಲ್ಲ ಹಾರಿ ಬಂದು ಒಂದೆಡೆ ಸೇರಬೇಕೆಂದು ಏರ್ಪಾಡಾಗಿತ್ತು. ಮಧ್ಯಾಹ್ನದ ಸಭೆಯಲ್ಲಿ ಕ್ಲಬ್ಬಿನ ಮೆಕ್ಯಾನಿಕ್‌ಗೆ, ಅಂದರೆ ಈ ಮಾವನಿಗೇ ಸನ್ಮಾನ. ನಲವತ್ತೊಂದು ವರ್ಷದಲ್ಲಿ ಅವರು 'ಸರಿಯಿದೆ' ಎಂದು ಕಳಿಸಿದ ಒಂದು ಎಂಜಿನ್ನೂ ಆಕಾಶದಲ್ಲಿ ಕೈಕೊಟ್ಟಿರಲಿಲ್ಲ. ಅಳಿಯ ವಾರದಲ್ಲಿ ಆರು ದಿನ ಹಲ್ಲು ಕೀಳುವ ಡಾಕ್ಟರು, ಏಳನೇ ದಿನ ಪೈಲಟ್ಟು. ಅವನು ಹಾರಿಸುವ ಹಳದಿ ವಿಮಾನವನ್ನು ಗುಜರಿಯಿಂದ ತಂದು, ಮೂರು ವರ್ಷ ಕೂತು ಜೀವ ಕೊಟ್ಟವರೂ ಮಾವನೇ.

ಒಂದು ಗಂಟೆಯೊಳಗೆ ಮಾವ ಮಳೆಯಲ್ಲೇ ಕಾರು ಓಡಿಸಿಕೊಂಡು ಬಂದರು. ಸಭೆಗೆಂದು ಹಾಕಿದ್ದ ಇಸ್ತ್ರಿ ಅಂಗಿಯ ತೋಳು ಮಡಚಿ ಎಂಜಿನ್ನಿನ ಮುಚ್ಚಳ ಬಿಚ್ಚಿದರು. ಅಳಿಯ ಕೊಡೆ ಹಿಡಿದು ನಿಂತ. ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು, ಪೆಟ್ರೋಲಿಗೆ ನೀರು ಸೇರಿದೆಯೇ ಎಂದು ಬಾಟಲಿಗೆ ಬಿಟ್ಟು ನೋಡಿದರು, ಕಡೆಗೆ ಎಂಜಿನ್ ಶುರು ಮಾಡಿ ಕಣ್ಣು ಮುಚ್ಚಿ ಕೇಳಿದರು. ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

"ನನಗೇನೂ ಸಿಗ್ತಿಲ್ಲ," ಎಂದರು. "ಆದ್ರೆ ಮೇಲಿದ್ದೋರು ನೀವು. ನೀವು ಕೇಳಿದ್ದೇ ನಿಜ."

ಅಳಿಯ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಇರಲಿ ಬಿಡಿ ಮಾವ, ಕಾರ್ಬುರೇಟರಲ್ಲಿ ಮಂಜುಗಡ್ಡೆ ಕಟ್ಟಿ ಕೆಮ್ಮಿತೇನೋ. ಇಂಥ ತೇವದಲ್ಲಿ ಕಟ್ಟುತ್ತಲ್ಲ," ಎಂದ.

ಮಾವನ ಮುಖ ಅರಳಿತು. "ಅದು ಹೌದು. ಮಂಜಾದ್ರೆ ಕರಗಿ ಹೋಗಿರುತ್ತೆ, ಈಗ ಹುಡುಕಿದ್ರೆ ಎಲ್ಲಿ ಸಿಗುತ್ತೆ? ಮಂಜು ಕಟ್ಟದ ಹಾಗೆ ಬಿಸಿಗಾಳಿ ಬಿಡೋ ಗುಂಡಿ ಎಳೆಯೋದು ಮರೆತಿರ್ತೀರಿ. ಮರೆತ್ರಿ ತಾನೆ?"

ಮರೆತೆ ಅಂದಿದ್ದರೆ ತಪ್ಪು ಎಂಜಿನ್ನಿನದಲ್ಲ ಎಂದು ಮುಗಿದುಹೋಗುತ್ತಿತ್ತು. ಮೂರಕ್ಷರದ ಮಾತು. ಆದರೆ ಆ ಗುಂಡಿ ಎಳೆಯುವುದು ಹಾರಲು ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ. ಅದನ್ನು ಮರೆತನಂತೆ ಎಂದು ಹೆಡ್‌ಮೇಡಂ ಊಟದ ಟೇಬಲ್ಲಿನಲ್ಲಿ ಎಲ್ಲರೆದುರು ಕಾಲೆಳೆಯುವುದು ಅಳಿಯನ ಕಣ್ಣಿಗೆ ಕಟ್ಟಿತು.

"ಇಲ್ಲ ಮಾವ. ಅದನ್ನ ಮೊದಲೇ ಎಳೆದಿದ್ದೆ."

"ಎಳೆದಿದ್ರಾ," ಎಂದರು ಮಾವ. ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ತುಂಬಿದರು. ವಿಮಾನವನ್ನು ಅಲ್ಲೇ ಕಟ್ಟಿಹಾಕಿ ಇಬ್ಬರೂ ಕಾರು ಹತ್ತಿದರು. ದಾರಿಯುದ್ದಕ್ಕೂ ಮಾವ ತಮ್ಮ ಕೈಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. "ವಯಸ್ಸಾಯ್ತು, ಎಲ್ಲೋ ಕೈತಪ್ಪಿದೆ," ಎಂದು ಒಮ್ಮೆ ಅಂದರು. ಕಾರು ಓಡಿಸುತ್ತಿದ್ದ ಅಳಿಯ ಎರಡು ಸಲ ಗಂಟಲು ಸರಿಮಾಡಿಕೊಂಡ. ಊರು ಬಂದೇಬಿಟ್ಟಿತು.

ಕ್ಲಬ್ಬಿನ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಒದ್ದೆ ರೆಕ್ಕೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಐದು ವಿಮಾನಗಳು ಗೋಡೆಗುಂಟ ನಿಂತಿದ್ದವು. ಅಳಿಯ ಅವುಗಳತ್ತ ನೋಡದೆ ಹೋಗಿ ಕಡೆಯ ಸಾಲಿನಲ್ಲಿ ಕೂತ. ವೇದಿಕೆಯಲ್ಲಿ ಕಾರ್ಯದರ್ಶಿ, "ನಲವತ್ತೊಂದು ವರ್ಷ, ಇವರ ಕೈ ದಾಟಿದ ಒಂದೇ ಒಂದು ಎಂಜಿನ್ ಆಕಾಶದಲ್ಲಿ ಕೈಕೊಟ್ಟಿಲ್ಲ," ಎಂದು ಓದಿ ಹಿತ್ತಾಳೆಯ ಫಲಕ ಮುಂದೆ ಚಾಚಿದರು. ಮಾವ ಅದನ್ನು ಮುಟ್ಟಲಿಲ್ಲ. ಮೈಕಿನ ಹತ್ತಿರ ಹೋದರು.

"ಇವತ್ತು ಬೆಳಗಿನ ತನಕ," ಎಂದರು. "ಇವತ್ತು ಒಂದು ಕೈಕೊಡ್ತು. ಯಾಕೆ ಅಂತ ಹುಡುಕಿದೆ, ಸಿಗಲಿಲ್ಲ. ತಪ್ಪು ಎಲ್ಲಿದೆ ಅಂತ ಗೊತ್ತಾಗದೋನು ಸ್ಪ್ಯಾನರ್ ಹಿಡೀಬಾರದು. ನಾಳೆಯಿಂದ ನಾನು ಹಿಡಿಯೋಲ್ಲ. ಈ ಫಲಕಾನ ನನಗೆ ಕೊಡಬೇಡಿ."

ಅಳಿಯನ ಕಿವಿ ಸುಡುತ್ತಿತ್ತು. ಈಗಲಾದರೂ ಏಳು, ಎಂದು ತನಗೆ ತಾನೇ ಹೇಳಿಕೊಂಡ. ಎದುರಿನ ಕುರ್ಚಿಯ ಬೆನ್ನು ಹಿಡಿದ, ಮತ್ತೆ ಬಿಟ್ಟ.

ಮಾವ ಇನ್ನೂ ಮೈಕು ಬಿಟ್ಟಿರಲಿಲ್ಲ. "ಅಂಥ ಮಳೇಲಿ ಎಂಜಿನ್ ಕೈಕೊಟ್ರೂ ಎದೆಗೆಡದೆ ಇಳಿಸಿದೋರು ನಮ್ಮ ಅಳಿಯಂದಿರು. ನನ್ನ ಮಗಳ ಪುಣ್ಯ. ಚಪ್ಪಾಳೆ ತಟ್ಟೋದಾದ್ರೆ ಅವರಿಗೆ ತಟ್ಟಿ."

ಮುಂದಿನ ಸಾಲುಗಳೆಲ್ಲ ಹಿಂದಕ್ಕೆ ತಿರುಗಿದವು. ಮೊದಲು ಎದ್ದು ನಿಂತು ತಟ್ಟಿದವರು ಹೆಡ್‌ಮೇಡಂ. ಈಗ ಏಳದೆ ವಿಧಿಯಿರಲಿಲ್ಲ. ಅಳಿಯ ಎದ್ದ. ಚಪ್ಪಾಳೆ ನಿಲ್ಲುವ ತನಕ ಕಾದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಥ್ಯಾಂಕ್ಯೂ," ಎಂದು ಹೇಳಿ ಕೂತ.