ಬಾಗಿಲ ಹೊರಗಿದ್ದ ನೀರು

ಬಾಗಿಲ ಬಳಿ ನೀರು ತುಂಬಿದ ಜಗ್ ಕಂಡರೆ ಈಗಲೂ ವಿದೇಶದಲ್ಲಿ ನಾವಿದ್ದ ಜರ್ಮನ್‌ಟೌನ್‌ನ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಹನ್ನೆರಡು. ಪಕ್ಕದ ಮನೆಯ ಜಡ್ಜ್ ಅಂಕಲ್‌ರನ್ನು ಮಣ್ಣು ಮಾಡಿ ಅವರ ಮನೆಗೆ ಬಂದಿದ್ದೆವು. ಅವರು ಯಹೂದಿ, ಹುಡುಗನಾಗಿದ್ದಾಗ ತಾಯಿಯನ್ನು ಬಿಟ್ಟು ಒಬ್ಬರೇ ಹಡಗಿನಲ್ಲಿ ಆ ದೇಶಕ್ಕೆ ಬಂದು, ಲಾಯರಾಗಿ, ಜಡ್ಜ್ ಹುದ್ದೆಗೂ ಅಲ್ಲಿ ನಡೆಯುವ ಎಲೆಕ್ಷನ್ ಗೆದ್ದು, ಕೊನೆಗೆ ಜಡ್ಜ್ ಆದವರು. ಸ್ಮಶಾನದಿಂದ ಬಂದವರು ಕೈ ತೊಳೆಯಲೆಂದು ಅವರ ಹೆಂಡತಿ ಆಂಟಿ ಮೆಟ್ಟಿಲ ಮೇಲೆ ಜಗ್ ಇಟ್ಟಿದ್ದರು. ಅಮ್ಮ ಚಪ್ಪಲಿ ಬಿಟ್ಟು, ನಮ್ಮೂರಿನ ರೂಢಿಯಂತೆ ಅಷ್ಟೂ ನೀರನ್ನು ಕಾಲಿಗೆ ಸುರಿದುಕೊಂಡಳು.

"ಅಮ್ಮಾ, ಸ್ಟಾಪ್! ಅದು ಕೈಗೆ!" ನನಗೆ ನಾಚಿಕೆ.

"ಲಾಕ್‌ಡೌನಲ್ಲಿ ನಮ್ಮಪ್ಪ ಹೋದಾಗ ಫ್ಲೈಟೇ ಇರ್ಲಿಲ್ಲ ಕಣೇ," ಎಂದಳು ಅಮ್ಮ. "ಸಂಸ್ಕಾರನ ಫೋನಲ್ಲೇ ನೋಡಿ, ಇಲ್ಲೇ ಸ್ನಾನ ಮಾಡ್ದೆ. ಸ್ಮಶಾನದಿಂದ ಬಂದು ಕಾಲು ತೊಳ್ಕೊಳ್ಳೋಕೆ ಆಗ್ಲೇ ಇಲ್ಲ."

ಅಮ್ಮ ಹೇಳಿದ್ದು ಏನೆಂದು ಆಂಟಿ ಕೇಳಿದರು. ಇಂಗ್ಲಿಷಿನಲ್ಲಿ ಹೇಳಿದೆ.

"ತಮ್ಮ ತಾಯಿಯನ್ನು ಮಣ್ಣು ಮಾಡುವಾಗ ನಮ್ಮ ಯಜಮಾನರೂ ಅಲ್ಲಿರಲಿಲ್ಲ," ಎಂದರು ಆಂಟಿ. ಒಳಗೆ ಹೋಗಿ ಜಗ್ ತುಂಬಿ ತಂದರು. ಬಗ್ಗಿ, ಅಮ್ಮನ ಕಾಲಿಗೇ ಸುರಿದರು.