ಗುಡುಗಿನ ಪಿಸುಮಾತು

“ಸಾರ್, ಸ್ವಲ್ಪ ಜೋರಾಗಿ ಮಾತಾಡಿ. ನಮ್ಮತ್ತೆಗೆ...” ಎಂದು ಸೊಸೆ ಹಳದಿ ಗೆರೆಯ ಆಚೆಯಿಂದ ಕೂಗಿದ್ದೇ ತಡ, ಕಸ್ಟಮ್ಸ್ ಕಚೇರಿಯ ಸುಂಕದ ಕಿಟಕಿಯ ಮುಂದೆ ನಿಂತಿದ್ದ ಅತ್ತೆ ಸರ್ರನೆ ತಿರುಗಿದರು.

“ನನ್ನ ಕಿವಿಗೇನಾಗಿದೆಯಂತೆ? ನೀವೆಲ್ಲ ಬಾಯೊಳಗೇ ಗೊಣಗಿದ್ರೆ ಪಾಪ, ಕಿವಿ ಏನು ಮಾಡುತ್ತೆ! ಹೋಗಿ ಬೆಂಚಿನ ಮೇಲೆ ಕೂತ್ಕೋ. ತಂಗಿ ಕಳಿಸಿದ ಒಂದು ಸ್ವೆಟರ್ ತಗೊಳ್ಳೋಕೆ ಇಬ್ಬರು ಬೇಕಾ?”

ಕಿಟಕಿಯೊಳಗಿನ ಗುಮಾಸ್ತ ಕಂಪ್ಯೂಟರ್ ಪರದೆ ನೋಡಿದ. ವಿದೇಶದಿಂದ ಬಂದ ಅಂಗೈಯಗಲದ ಡಬ್ಬಿ. ಒಳಗಿರುವುದು ಕಿವಿಗೆ ಹಾಕುವ ಶ್ರವಣ ಯಂತ್ರ. ‘ಇದರಲ್ಲಿ ಸ್ವೆಟರಾ? ಗುಬ್ಬಚ್ಚಿಗೂ ಬಿಗಿಯಾದೀತು!’ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ನುಂಗಿಕೊಂಡ.

ನುಂಗದೆ ವಿಧಿಯಿರಲಿಲ್ಲ. ಕಚೇರಿಯವರೆಲ್ಲ ಅವನನ್ನು ಕರೆಯುತ್ತಿದ್ದುದೇ ಗುಡುಗು ಎಂದು. ಮೊನ್ನೆ ಮೊನ್ನೆ ಅವನು “ಹಲ್ಲಿನ ಸೆಟ್ಟು ಯಾರದ್ರೀ?” ಎಂದು ಕೂಗಿದಾಗ ಹಜಾರವೆಲ್ಲ ಗೊಳ್ಳೆಂದು ನಕ್ಕಿತ್ತು. ಸೆಟ್ಟಿನ ಯಜಮಾನರು ಮಾತ್ರ ಬಾಯಿ ಬಿಡದೆ ನೆಟ್ಟಗೆ ಮೇಲಧಿಕಾರಿಯಮ್ಮನ ಕೋಣೆಗೆ ನಡೆದಿದ್ದರು. “ನೋಡಯ್ಯಾ, ಆ ಪರದೆ ಮೇಲೆ ಕಾಣೋದು ಜನರ ಮನೆಯೊಳಗಿನ ವಿಷಯ. ಅದು ನಿನ್ನ ಕಣ್ಣಿಗೆ, ಅವರ ಕಿವಿಗೆ ಮಾತ್ರ. ಇನ್ನೊಂದು ದೂರು ಬರಲಿ, ನಿನ್ನನ್ನು ಗೋದಾಮಿಗೆ ಹಾಕ್ತೀನಿ” ಎಂದಿದ್ದರು ಆಕೆ. ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ನಾಲ್ಕು ಜನರ ಜೊತೆ ಮಾತಾಡದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ.

ಆದ್ದರಿಂದ ಅವನು ಕಿಟಕಿಗೆ ಮೂಗು ತಾಗಿಸಿ, ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದ. ಪಿಸುಗುಟ್ಟಿದ. “ಅಮ್ಮಾ, ಇದು ನಿಮ್ಮ ಸ್ವಂತಕ್ಕಾ, ಮಾರೋಕಾ? ಸ್ವಂತಕ್ಕಾದ್ರೆ ಸುಂಕ ಇಲ್ಲ.”

“ಆಂ?”

ದನಿಯನ್ನು ಒಂದೆಳೆ ಏರಿಸಿದ. “ಸ್ವಂತಕ್ಕಾ?”

“ಆಂ?”

ಬೆಂಚಿನಿಂದ ಸೊಸೆ ಎದ್ದಳು. “ನಾನು ಬರ್ಲಾ ಸಾರ್?”

“ಗೆರೆ ದಾಟಬೇಡಿ ತಾಯಿ!” ಗುಡುಗು ಗುಡುಗಿಯೇಬಿಟ್ಟ. ಸೊಸೆ ಬೆಚ್ಚಿ ಕೂತಳು.

ಅವನು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತಳ್ಳಿದ. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದರು, ತೋಳುದ್ದ ದೂರ ಹಿಡಿದರು. “ಕನ್ನಡಕ ಮರೆತು ಬಂದೆ. ಇರಪ್ಪಾ, ಸೊಸೆ ಹತ್ರ ಓದಿಸ್ತೀನಿ” ಎಂದು ತಿರುಗುವಷ್ಟರಲ್ಲಿ ಅವನು ಹೆಗಲವರೆಗೂ ಕೈ ತೂರಿಸಿ ಚೀಟಿ ಕಿತ್ತುಕೊಂಡ. ಕೊನೆಗೆ ದಾರಿ ಕಾಣದೆ ತನ್ನ ಕಿವಿಯನ್ನು ಮುಟ್ಟಿ ತೋರಿಸಿದ. ಅತ್ತೆಯ ಮುಖ ಬಿಳಿಚಿತು. ಬೆಂಚಿನತ್ತ ಓರೆಗಣ್ಣು ಹಾಯಿಸಿ, ಹಜಾರಕ್ಕೆಲ್ಲ ಕೇಳುವಂತೆ, “ಕಿವಿ ನೋವಾಪ್ಪಾ? ಎರಡು ತೊಟ್ಟು ಬೆಚ್ಚಗಿನ ಎಣ್ಣೆ ಬಿಡು, ಹೋಗುತ್ತೆ!” ಎಂದರು.

“ಇವತ್ತೇ ಬಿಡ್ತೀನಮ್ಮಾ!” ಎಂದು ಅವನೂ ಗಟ್ಟಿಯಾಗಿಯೇ ಕೂಗಿದ. ಇಬ್ಬರ ಕಣ್ಣೂ ಕೂಡಿದವು. ಇನ್ನು ಅವರಿಬ್ಬರೂ ಒಂದೇ ಗುಂಪಿನ ಕಳ್ಳರು.

ಆಗಲೇ ಅವನಿಗೆ ಹೊಳೆದದ್ದು. ಯಾವ ಪೊಟ್ಟಣವನ್ನಾದರೂ ಬಿಚ್ಚಿಸಿ ನೋಡುವ ಅಧಿಕಾರ ಸುಂಕದವರಿಗೆ ಇದ್ದೇ ಇದೆಯಲ್ಲ! ಡಬ್ಬಿಯನ್ನೂ ಕತ್ತರಿಯನ್ನೂ ಮುಂದೆ ತಳ್ಳಿ, ಬಿಚ್ಚಿ ಹಾಕಿಕೊಳ್ಳಿ ಎಂದು ಸನ್ನೆ ಮಾಡಿದ. ಅತ್ತೆ ತಮ್ಮ ಬೆನ್ನನ್ನೇ ಬೆಂಚಿಗೆ ಗೋಡೆ ಮಾಡಿ, ಕಡಲೆಕಾಳಿನಷ್ಟಿದ್ದ ಯಂತ್ರವನ್ನು ಕಿವಿಗೆ ಸಿಕ್ಕಿಸಿ, ಮೇಲೆ ಕೂದಲೆಳೆದುಕೊಂಡರು.

“ಈಗ ಕೇಳಿಸ್ತಾ ಅಮ್ಮಾ?” ಉಸಿರಿನಷ್ಟೇ ದನಿಯಲ್ಲಿ ಕೇಳಿದ.

ಅವರ ಹುಬ್ಬುಗಳು ಮೇಲೇರಿದವು. ಫ್ಯಾನು ಕಿರುಗುಟ್ಟುವುದು, ಪಕ್ಕದ ಕಿಟಕಿಯಲ್ಲಿ ಮೊಹರು ಬೀಳುವುದು, ತಮ್ಮದೇ ಚೀಲದೊಳಗೆ ಬೀಗದ ಕೈ ಕಿಣಿಗುಡುವುದು, ಎಲ್ಲವೂ ಬಹಳ ದಿನದ ಮೇಲೆ ಬಂದ ನೆಂಟರಂತೆ ಒಂದೊಂದಾಗಿ ಒಳಗೆ ಬಂದವು. “ಅಯ್ಯೋ, ನಿನ್ನ ದನಿ ಎಷ್ಟು ಮೆತ್ತಗಿದೆಯಪ್ಪಾ!” ಎಂದರು.

ಹೆತ್ತ ತಾಯಿಯೂ ಅವನಿಗೆ ಅಂದಿರದ ಮಾತು. ಗುಡುಗು ನಾಚಿಕೊಂಡ. “ಸ್ವಂತಕ್ಕೇ ತಾನೆ?”

“ಸ್ವಂತಕ್ಕೇ. ಅವಳಿಗೆ ಮಾತ್ರ ಹೇಳಬೇಡ ಕಣಪ್ಪಾ. ಇಷ್ಟು ವರ್ಷ ವಾದ ಮಾಡಿ ಗೆದ್ದಿದ್ದೀನಿ, ಈಗ ಸೋಲೋಕಾಗಲ್ಲ.”

“ವಿಷಯ ನಿಮ್ಮದು. ಹೇಳೋಕೆ ನಾನ್ಯಾರಮ್ಮಾ?” ಎಂದು ಅವನು ಸದ್ದಾಗದಂತೆ ಮೊಹರು ಒತ್ತಿದ.

ಅತ್ತೆ ಬೆಂಚಿನತ್ತ ನಡೆದರು. ಸೊಸೆ ಗಂಡನೊಂದಿಗೆ ಫೋನಿನಲ್ಲಿದ್ದಳು. ಅತ್ತೆ ಎದುರಿಗೇ ಬಂದರೂ ಮಾತು ನಿಲ್ಲಿಸುವ ಅಭ್ಯಾಸ ಆ ಮನೆಯಲ್ಲಿ ತಪ್ಪಿಹೋಗಿ ಎಷ್ಟೋ ಕಾಲವಾಗಿತ್ತು. ಏನು ಬಂದು ಕಿವಿಗೆ ಬೀಳುವುದೋ ಎಂದು ಗುಮಾಸ್ತ ಉಸಿರು ಬಿಗಿಹಿಡಿದ.

“ಬಂದ್ರು ನೋಡಿ. ಸ್ವೆಟರಂತೆ, ನಾನು ನಂಬಬೇಕಂತೆ! ಏನಾದ್ರೂ ಇರ್ಲಿ ಬಿಡಿ. ನೀವೀಗ ಇವರ ಮುಖ ನೋಡ್ಬೇಕಿತ್ತು ರೀ, ಎಷ್ಟು ಕಳೆಕಳೆಯಾಗಿದ್ದಾರೆ! ನಿಮ್ಮಮ್ಮ ಹೀಗೆ ನಗ್ತಾ ಓಡಾಡಿದ್ರೆ ನಮ್ಮನೆಗೆ ಬೇರೆ ದೀಪ ಬೇಡ.”

ಅತ್ತೆ ನಿಂತಲ್ಲೇ ನಿಂತರು. ಕೂದಲು ಸರಿಯಾಗಿ ಮುಚ್ಚಿದೆಯೇ ಎಂದು ಒಮ್ಮೆ ಸವರಿ ನೋಡಿಕೊಂಡರು. ಆಮೇಲೆ ಕತ್ತು ಮುಂದೆ ಚಾಚಿ, ಈ ಜನ್ಮದಲ್ಲಿ ಯಾರೆದುರಿಗೂ ಒಪ್ಪಿಕೊಂಡಿರದ ಮಾತನ್ನು ಮೊದಲ ಸಲ ಆಡಿದರು:

“ನಂಗೆ ಕೇಳಿಸ್ಲಿಲ್ಲಮ್ಮಾ. ಇನ್ನೊಂದ್ಸಲ ಹೇಳು.”